ಎಂಟು ಗಂಟೆಯ ಆರಾಧನೆಯೋ, ಗುರುವಾರದ ದಿನಸಿಯೋ? ನಮ್ಮ ಎಪಿಸ್ಕೋಪಲ್ ಪ್ಯಾರಿಷ್‌ನ ಪ್ರಶ್ನೆ

ಧಾರವಾಡ_ನ್ಯೂಜೆರ್ಸಿ (ಶನಿವಾರ, ರಾತ್ರಿ 9:10)

ಎಲ್ಲರಿಗೂ ವಂದನೆಗಳು. ನಾನು ಧಾರವಾಡದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ದೀಕ್ಷಾಸ್ನಾನ ಪಡೆದು, ಅಲ್ಲಿಯ ಭಾನುವಾರ ಶಾಲೆಯಲ್ಲಿ ಕಲಿತು ಬೆಳೆದವನು. ನ್ಯೂಜೆರ್ಸಿಗೆ ಬಂದ ಮೇಲೆ, ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಸಣ್ಣ ಎಪಿಸ್ಕೋಪಲ್ ಪ್ಯಾರಿಷ್‌ಗೆ ಹೋಗತೊಡಗಿದೆವು. ಹದಿನಾರು ವರ್ಷಗಳಿಂದ ಅದೇ ನಮ್ಮ ಸಭೆ. ಈ ವರ್ಷ ನನ್ನನ್ನು ವೆಸ್ಟ್ರಿಗೆ ಆರಿಸಿದ್ದಾರೆ. ವೆಸ್ಟ್ರಿ ಎಂದರೆ ನಮ್ಮ ಕಡೆಯ ಸಭಾ ಸಮಿತಿ ಇದ್ದಂತೆ.

ನಮ್ಮಲ್ಲಿ ಭಾನುವಾರ ಎರಡು ಆರಾಧನೆಗಳಿವೆ. ಬೆಳಿಗ್ಗೆ 8ಕ್ಕೆ ಹಾಡಿಲ್ಲದ, ಹಳೆಯ ಇಂಗ್ಲಿಷಿನ ಪ್ರಭುಭೋಜನ, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. 1979ರ ಪ್ರಾರ್ಥನಾ ಪುಸ್ತಕದಲ್ಲಿ ಅದಕ್ಕೆ ‘ರೈಟ್ ಒನ್’ (ಮೊದಲ ವಿಧಿ) ಎಂದು ಹೆಸರು. 10:30ಕ್ಕೆ ಕ್ವಾಯರ್, ಆರ್ಗನ್, ಮಕ್ಕಳು ಎಲ್ಲರೂ ಸೇರಿದ ‘ರೈಟ್ ಟೂ’. ಎಂಟರ ಆರಾಧನೆಗೆ ಈಗ ಬರುವವರು 11 ಮಂದಿ, ಅವರಲ್ಲಿ 9 ಮಂದಿ ಎಪ್ಪತ್ತು ದಾಟಿದವರು. ಗುರುವಾರ ಮಧ್ಯಾಹ್ನ ನೆಲಮಾಳಿಗೆಯ ಹಾಲ್‌ನಲ್ಲಿ ಫುಡ್ ಪ್ಯಾಂಟ್ರಿ, ಅಂದರೆ ಇಲ್ಲದವರಿಗೆ ಉಚಿತವಾಗಿ ದಿನಸಿ ಹಂಚುವ ಸೇವೆ, ನಡೆಯುತ್ತದೆ. ಮೂರು ವರ್ಷಗಳ ಹಿಂದೆ ಅಲ್ಲಿಗೆ 40 ಕುಟುಂಬಗಳು ಬರುತ್ತಿದ್ದವು, ಈಗ 115 ಬರುತ್ತಿವೆ.

ಹಣ ಸಾಲುತ್ತಿಲ್ಲ. ನಮ್ಮ ರೆಕ್ಟರ್ (ಸಭೆಯ ಮುಖ್ಯ ಪಾದ್ರಿ) ಅರ್ಧ ಅವಧಿಯ ಸಂಬಳದಲ್ಲಿರುವುದರಿಂದ ವಾರ ಬಿಟ್ಟು ವಾರ ಎಂಟರ ಆರಾಧನೆಗೆ ಹೊರಗಿನ ಪಾದ್ರಿಯೊಬ್ಬರನ್ನು ಕರೆಸುತ್ತೇವೆ. ಜನವರಿಯಿಂದ ಆ ಆರಾಧನೆಯನ್ನು ನಿಲ್ಲಿಸಿದರೆ ಅವರ ಸಂಭಾವನೆಯೂ, ನಸುಕಿನಲ್ಲೇ ಬಾಯ್ಲರ್ ಹಚ್ಚುವ ಖರ್ಚೂ ಉಳಿದು ಪ್ಯಾಂಟ್ರಿಗೆ ದೊಡ್ಡ ಫ್ರೀಜರ್ ಬರುತ್ತದೆ ಎಂಬುದು ಖಜಾಂಚಿಯವರ ಲೆಕ್ಕ. ದೇವಾಲಯವಿರುವುದು ಆರಾಧನೆಗೆ, ಆದ್ದರಿಂದ ದಿನಸಿ ಹಂಚುವ ಕೆಲಸವನ್ನು ಊರಿನ ಸಮುದಾಯ ಭವನಕ್ಕೆ ಬಿಟ್ಟುಕೊಡೋಣ ಎಂದು ಇನ್ನು ಕೆಲವರು ಹೇಳುತ್ತಾರೆ. ಹತ್ತು ದಿನಗಳಲ್ಲಿ ನಾನು ಮತ ಹಾಕಬೇಕು. ನಿಮ್ಮ ಸಭೆಗಳಲ್ಲಿ ಇಂಥದ್ದು ಬಂದಾಗ ಏನು ಮಾಡಿದಿರಿ? ನನಗೆ ನಿಜವಾಗಿಯೂ ದಾರಿ ಕಾಣುತ್ತಿಲ್ಲ.

ಲೆಕ್ಕಪತ್ರ_ಹ್ಯೂಸ್ಟನ್ (ಶನಿವಾರ, ರಾತ್ರಿ 9:42)

ಇದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ ಸರ್. 11 ಜನ ಎರಡೂವರೆ ಗಂಟೆ ತಡವಾಗಿ ಬಂದರೆ ಅವರಿಗೂ ಪ್ರಭುಭೋಜನ ಸಿಗುತ್ತದೆ. 115 ಕುಟುಂಬಗಳಿಗೆ ಬೇರೆ ಬಾಗಿಲಿಲ್ಲ. ಫ್ರೀಜರ್‌ಗೆ ಮತ ಹಾಕಿ.

ಬಲ್ಮಠದವಳು (ಶನಿವಾರ, ರಾತ್ರಿ 10:15)

ಇಷ್ಟು ಬೇಗ ತೀರ್ಪು ಕೊಡಬೇಡಿ. ನಾನು ಬಾಸ್ಟನ್ ಹತ್ತಿರದ ಒಂದು ಪ್ಯಾರಿಷ್‌ನಲ್ಲಿ ಒಂಬತ್ತು ವರ್ಷಗಳಿಂದ ಆಲ್ಟರ್ ಗಿಲ್ಡ್‌ನಲ್ಲಿದ್ದೇನೆ. ಪ್ರಭುಭೋಜನದ ಮೇಜಿನ ಬಟ್ಟೆ, ಪಾತ್ರೆ, ದೀಪ ನೋಡಿಕೊಳ್ಳುವ ಗುಂಪು ಅದು. ದ್ರಾಕ್ಷಾರಸದ ಬಟ್ಟಲನ್ನು ಒರೆಸುವ ಬಿಳಿಯ ನಾರುಬಟ್ಟೆಯನ್ನು ನಾವು ಮೊದಲು ಒಂದು ಪಾತ್ರೆಯ ನೀರಿನಲ್ಲಿ ಅದ್ದಿ, ಆ ನೀರನ್ನು ಮೋರಿಗೆ ಬಿಡದೆ ನೇರವಾಗಿ ಮಣ್ಣಿಗೆ ಸುರಿಯುತ್ತೇವೆ. ಆಮೇಲೆ ಒಗೆದು, ಇಸ್ತ್ರಿ ಮಾಡಿ, ಮೂರು ಮಡಿಕೆಯಾಗಿ ಮಡಿಸಿಡುತ್ತೇವೆ. ಇದನ್ನು ನನಗೆ ಕಲಿಸಿದವರು ಎಂಟರ ಆರಾಧನೆಗೆ ಬರುತ್ತಿದ್ದ ಒಬ್ಬ ಅಜ್ಜಿ. ನಮ್ಮಲ್ಲಿ ಆ ಆರಾಧನೆ ನಿಂತಾಗ ಅವರು ಹತ್ತೂವರೆಗೆ ಬರಲಿಲ್ಲ. ಅವರಷ್ಟೇ ಅಲ್ಲ, ಅವರ ಜೊತೆಗಿದ್ದ ಅರ್ಧಕ್ಕರ್ಧ ಜನ ಬರಲಿಲ್ಲ. ಕೋಪದಿಂದಲ್ಲ, ಆ ವಯಸ್ಸಿನಲ್ಲಿ ಹೊಸ ಸಮಯಕ್ಕೂ ಹೊಸ ಗದ್ದಲಕ್ಕೂ ಹೊಂದಿಕೊಳ್ಳಲು ಅವರಿಗೆ ಆಗಲಿಲ್ಲ.

ಅಣ್ಣ, ನೀವು ಎಂಟರ ಆರಾಧನೆಗೆ ಎಂದಾದರೂ ಹೋಗಿದ್ದೀರಾ? ಹೋಗಿಲ್ಲವಾದರೆ ನಾಳೆ ಭಾನುವಾರವೇ. ಮತ ಹಾಕುವ ಮೊದಲು ಹೋಗಿ ಕುಳಿತು ಬನ್ನಿ.

ಧಾರವಾಡ_ನ್ಯೂಜೆರ್ಸಿ (ಶನಿವಾರ, ರಾತ್ರಿ 10:21)

ಒಂದು ಸಲವೂ ಹೋಗಿಲ್ಲ ಅಕ್ಕ. ನಾಳೆ ಹೋಗುತ್ತೇನೆ.

ಕುತೂಹಲಿ_ದಾವಣಗೆರೆ (ಭಾನುವಾರ, ಬೆಳಿಗ್ಗೆ 7:05)

ನಾನು ಕ್ರೈಸ್ತನಲ್ಲ, ಓದುತ್ತಾ ಬಂದು ಇಲ್ಲಿ ನಿಂತೆ. ಎಪಿಸ್ಕೋಪಲ್ ಎಂದರೆ ಯಾವ ಪಂಗಡ? ಕ್ಯಾಥೊಲಿಕರೇ, ಪ್ರಾಟೆಸ್ಟೆಂಟರೇ? ಸಿ.ಎಸ್.ಐ.ಯವರು ಅಲ್ಲಿಗೆ ಹೋಗಿ ಸದಸ್ಯರಾಗಬಹುದೇ?

ಸಭಾಚರಿತ್ರೆ_ಬೆಂಗಳೂರು (ಭಾನುವಾರ, ಬೆಳಿಗ್ಗೆ 8:30)

ಒಳ್ಳೆಯ ಪ್ರಶ್ನೆ ಕೇಳಿದಿರಿ. ಅಮೆರಿಕ ಸ್ವತಂತ್ರವಾಗುವ ಮೊದಲು ಅಲ್ಲಿದ್ದ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯೇ ನಂತರ ಎಪಿಸ್ಕೋಪಲ್ ಸಭೆಯಾಯಿತು. ಬಿಷಪ್ ಆಗುವವರು ಇಂಗ್ಲೆಂಡಿನಲ್ಲಿ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು; ಸ್ವತಂತ್ರ ದೇಶದವರು ಅದನ್ನು ಮಾಡುವಂತಿರಲಿಲ್ಲ. ಹಾಗಾಗಿ ಸ್ಯಾಮ್ಯುಯೆಲ್ ಸೀಬರಿ ಸ್ಕಾಟ್ಲೆಂಡಿಗೆ ಹೋಗಿ 1784ರಲ್ಲಿ ಅಬರ್ಡೀನ್‌ನಲ್ಲಿ ಬಿಷಪ್ ಅಭಿಷೇಕ ಪಡೆದು ಬಂದರು. 1789ರಲ್ಲಿ ಈ ಸಭೆ ತನ್ನದೇ ಸಂವಿಧಾನವನ್ನೂ ಪ್ರಾರ್ಥನಾ ಪುಸ್ತಕವನ್ನೂ ಒಪ್ಪಿಕೊಂಡಿತು. ಬಿಷಪ್ಪರು, ಪಾದ್ರಿಗಳು, ಡೀಕನ್ನರು (ಸೇವೆಗೆ ದೀಕ್ಷೆ ಪಡೆದವರು) ಇರುವುದು ಕ್ಯಾಥೊಲಿಕರಂತೆ. ಪೋಪರ ಅಧಿಕಾರವಿಲ್ಲ, ಪಾದ್ರಿಗಳು ಮದುವೆಯಾಗಬಹುದು, ಸ್ತ್ರೀಯರೂ ಪಾದ್ರಿಗಳಾಗಬಹುದು.

ನಮ್ಮ ಸಿ.ಎಸ್.ಐ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯ ಸಭೆಗಳು ಒಂದಾಗಿ ಹುಟ್ಟಿದ್ದು. ಇವೆರಡೂ ಇಂದು ಪೂರ್ಣ ಅನ್ಯೋನ್ಯತೆಯಲ್ಲಿರುವ, ಅಂದರೆ ಒಂದನ್ನೊಂದು ತಮ್ಮದೆಂದೇ ಒಪ್ಪಿಕೊಂಡಿರುವ ಸಭೆಗಳು. ಧಾರವಾಡದವರು ನ್ಯೂಜೆರ್ಸಿಯ ವೆಸ್ಟ್ರಿಯಲ್ಲಿ ಕೂರುವುದರಲ್ಲಿ ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಎಪಿಸ್ಕೋಪಲ್ ಆರಾಧನೆಯ ನಡುವೆ ಅಕ್ಕಪಕ್ಕದವರು ಕೈಹಿಡಿದು ಸಮಾಧಾನ ಹಂಚಿಕೊಳ್ಳುವುದನ್ನು ನೋಡಿರುತ್ತೀರಿ. ಆದಿ ಸಭೆಯ ಈ ರೂಢಿಯನ್ನು ಇಡೀ ಸಭೆಯ ಆಚರಣೆಯಾಗಿ ಮತ್ತೆ ಮುಂದೆ ತಂದವರಲ್ಲಿ ನಾವು ಮೊದಲಿಗರು. ಸಿ.ಎಸ್.ಐ.ಯ 1950ರ ಆರಾಧನಾ ಕ್ರಮದಲ್ಲಿ ಅದು ಕೈಯಿಂದ ಕೈಗೆ ಸಾಗುತ್ತದೆ. ಆ ಕ್ರಮವನ್ನು ಜಗತ್ತಿನ ಅನೇಕ ಸಭೆಗಳು ಗಮನವಿಟ್ಟು ಓದಿ, ತಮ್ಮ ಪುಸ್ತಕಗಳನ್ನು ತಿದ್ದುವಾಗ ಅದರಿಂದ ಕಲಿತವು.

ಕ್ವಾಯರ್_ಪ್ರೇಮಿ (ಭಾನುವಾರ, ಬೆಳಿಗ್ಗೆ 9:02)

ಹಾಡಿಲ್ಲದ ಆರಾಧನೆಯನ್ನು ಉಳಿಸಲು ಇಷ್ಟು ಹೋರಾಟ ಏಕೆ ಎಂಬುದು ನನಗೆ ಅರ್ಥವಾಗುವುದಿಲ್ಲ. ದೇವರ ಮನೆಯಲ್ಲಿ ಸಂಗೀತವಿರಬೇಕು. ಹತ್ತೂವರೆಯ ಕ್ವಾಯರ್‌ಗೆ ಆ ಹಣ ಕೊಟ್ಟರೆ ಯುವಕರು ಬರುತ್ತಾರೆ.

ಬಲ್ಮಠದವಳು (ಭಾನುವಾರ, ಬೆಳಿಗ್ಗೆ 9:20)

ಕ್ವಾಯರ್ ಅವರೇ, ನನ್ನ ಯಜಮಾನರು ತೀರಿಕೊಂಡ ವರ್ಷ ನನಗೆ ಒಂದು ಹಾಡನ್ನೂ ಕೇಳಲು ಆಗುತ್ತಿರಲಿಲ್ಲ. ಮೊದಲ ಸಾಲಿಗೇ ಎದ್ದು ಹೊರಗೆ ಬರುತ್ತಿದ್ದೆ. ಆಗ ನನ್ನನ್ನು ಸಭೆಯಲ್ಲಿ ಉಳಿಸಿದ್ದು ಆ ಮೌನದ ಆರಾಧನೆ.

ಕ್ವಾಯರ್_ಪ್ರೇಮಿ (ಭಾನುವಾರ, ಬೆಳಿಗ್ಗೆ 9:31)

ಕ್ಷಮಿಸಿ ಅಕ್ಕ. ಆ ಕಡೆಯಿಂದ ನಾನು ಯೋಚಿಸಿರಲಿಲ್ಲ.

ಚೆಲ್ಸಿ_ಸ್ವಯಂಸೇವಕ (ಭಾನುವಾರ, ಬೆಳಿಗ್ಗೆ 11:48)

ನಾನು 2016ರಲ್ಲಿ ಮ್ಯಾನ್‌ಹಟನ್‌ನ ಹೋಲಿ ಅಪೋಸ್ತಲ್ಸ್ ಎಂಬ ಎಪಿಸ್ಕೋಪಲ್ ದೇವಾಲಯದ ಊಟದ ಸೇವೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದೆ. 1982ರಲ್ಲಿ ಅವರು ಊಟ ಹಾಕಲು ಆರಂಭಿಸಿದಾಗ ಅದೂ ಸೊರಗಿದ್ದ ಒಂದು ಸಭೆಯೇ. 1990ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ದುರಸ್ತಿಯಾದ ಮೇಲೆ ಅವರು ಉದ್ದನೆಯ ಬೆಂಚುಗಳನ್ನು ಮತ್ತೆ ನೆಲಕ್ಕೆ ಜಡಿಯಲಿಲ್ಲ. ಭಾನುವಾರ ಪ್ರಭುಭೋಜನ ನಡೆಯುವ ಅದೇ ಸಭಾಂಗಣದಲ್ಲಿ, ಬಣ್ಣದ ಗಾಜಿನ ಕಿಟಕಿಗಳ ಕೆಳಗೆ, ವಾರದ ದಿನಗಳಲ್ಲಿ ದುಂಡು ಮೇಜುಗಳನ್ನಿಟ್ಟು ದಿನಕ್ಕೆ ಸಾವಿರದಷ್ಟು ಜನರಿಗೆ ಬಿಸಿಯೂಟ ಬಡಿಸತೊಡಗಿದರು.

ನನ್ನ ಕೆಲಸ ಮೇಜು ಒರೆಸುವುದು. ಒಬ್ಬರು ಎದ್ದ ಕೂಡಲೇ ಒರೆಸಿ, ಮುಂದಿನವರಿಗೆ ಕುರ್ಚಿ ಸರಿಸಿ, ಕಣ್ಣು ಕೊಟ್ಟು ‘ಬನ್ನಿ’ ಎನ್ನಬೇಕು. ಅಲ್ಲಿ ಯಾರೂ ‘ಬಡವರು’ ಎನ್ನುವುದಿಲ್ಲ, ‘ಅತಿಥಿಗಳು’ ಎನ್ನುತ್ತಾರೆ. ಆರಾಧನೆಯನ್ನು ಒಂದು ಕಡೆ, ಅನ್ನವನ್ನು ಇನ್ನೊಂದು ಕಡೆ ಇಟ್ಟು ತೂಗುವುದೇ ತಪ್ಪು ಎಂದು ನನಗೆ ಅಂದಿನಿಂದ ಅನ್ನಿಸಿದೆ.

ಲೆಕ್ಕಪತ್ರ_ಹ್ಯೂಸ್ಟನ್ (ಭಾನುವಾರ, ಮಧ್ಯಾಹ್ನ 12:10)

ಅದು ಮ್ಯಾನ್‌ಹಟನ್. ದೊಡ್ಡ ದಾನಿಗಳಿರುವ ಊರಿನ ಉದಾಹರಣೆಯನ್ನು ಸಣ್ಣ ಊರಿನ ಸಭೆಯ ಮುಂದೆ ಇಟ್ಟರೆ ಪ್ರಯೋಜನವಿಲ್ಲ. ಇಲ್ಲಿ ಬಾಯ್ಲರ್ ಬಿಲ್ ಕಟ್ಟುವವರು ಯಾರು ಎಂಬುದೇ ಪ್ರಶ್ನೆ. ನಾನೂ ಐದು ವರ್ಷ ಖಜಾಂಚಿಯಾಗಿದ್ದವನು. ಶರತ್ಕಾಲದಲ್ಲಿ ಸದಸ್ಯರಿಂದ ಮುಂದಿನ ವರ್ಷದ ಕಾಣಿಕೆಯ ವಾಗ್ದಾನ ಪತ್ರಗಳು ಬರುವಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಬಲ್ಲೆ.

ದಾಸೋಹಿ_ಎಡಿಸನ್ (ಭಾನುವಾರ, ಮಧ್ಯಾಹ್ನ 1:26)

ನಾನು ತುಮಕೂರಿನವನು, ಲಿಂಗಾಯತ. ಇಲ್ಲಿಯ ಒಂದು ಎಪಿಸ್ಕೋಪಲ್ ಪ್ಯಾಂಟ್ರಿಯಲ್ಲಿ ತಿಂಗಳಿಗೆರಡು ಸಲ ಅಕ್ಕಿ, ಬೇಳೆ ತೂಗಿ ಕಟ್ಟುತ್ತೇನೆ. ಸಿದ್ಧಗಂಗೆಯಲ್ಲಿ ದಿನವೂ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಉಣ್ಣುವುದನ್ನು ನೋಡಿ ಬೆಳೆದವನಿಗೆ ನಿಮ್ಮ ವಾದ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಪೂಜೆ ದೊಡ್ಡದೋ ದಾಸೋಹ ದೊಡ್ಡದೋ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ನನ್ನ ಅನುಮಾನ ಬೇರೆ: ಪ್ಯಾಂಟ್ರಿಗೆ ಬರುವವರನ್ನು ಪ್ರಾರ್ಥನೆಗೆ ಎಳೆಯುವ ಆಲೋಚನೆ ಯಾರಿಗಾದರೂ ಇದೆಯೇ? ಇದ್ದರೆ ನನ್ನ ವಿರೋಧವಿದೆ. ಹಸಿದವರಿಗೆ ಷರತ್ತು ಹಾಕಬಾರದು.

ಡೀಕನ್_ವಿದ್ಯಾರ್ಥಿನಿ (ಭಾನುವಾರ, ಮಧ್ಯಾಹ್ನ 2:03)

ದಾಸೋಹಿಯವರು ಹೇಳಿದ್ದು ಸರಿ, ಅದು ಕಾನೂನೂ ಹೌದು. ಅಮೆರಿಕದ ಕೇಂದ್ರ ಕೃಷಿ ಇಲಾಖೆಯ ದಿನಸಿಯನ್ನು ಪಡೆದು ಹಂಚುವ ಸಭೆಗಳು ಅದಕ್ಕೆ ಪ್ರತಿಯಾಗಿ ಯಾರನ್ನೂ ಪ್ರಾರ್ಥನೆಗೆ ಕೂರಿಸುವಂತಿಲ್ಲ, ಧರ್ಮ ನೋಡಿ ಹಂಚುವಂತಿಲ್ಲ.

ಇನ್ನೊಂದು ತಿದ್ದುಪಡಿ. ಆರಾಧನೆಯನ್ನು ನಿಲ್ಲಿಸುವುದೋ ಬಿಡುವುದೋ ಎಂದು ವೆಸ್ಟ್ರಿ ಮತ ಹಾಕುವಂತೆಯೇ ಇಲ್ಲ. ಎಪಿಸ್ಕೋಪಲ್ ಸಭೆಯ ನಿಯಮಗಳ ಪ್ರಕಾರ ಆರಾಧನೆಯ ಹೊಣೆ ರೆಕ್ಟರ್‌ರದ್ದು. ಹಣ ಮತ್ತು ಆಸ್ತಿಯ ಹೊಣೆ ವೆಸ್ಟ್ರಿಯದ್ದು. ಖರ್ಚಿಗೆ ಹಣವಿಲ್ಲ ಎಂದು ನೀವು ಹೇಳಬಹುದು. ಯಾವ ಸಮಯಕ್ಕೆ, ಯಾವ ಕ್ರಮದಲ್ಲಿ ಎಂಬುದನ್ನು ಅವರೇ ನಿರ್ಧರಿಸಬೇಕು. ಮೊದಲು ಅವರ ಜೊತೆ ಕುಳಿತು ಮಾತಾಡಿ.

ಧಾರವಾಡ_ನ್ಯೂಜೆರ್ಸಿ (ಭಾನುವಾರ, ಸಂಜೆ 5:50)

ಹೋಗಿ ಬಂದೆ. ಬೆಳಿಗ್ಗೆಯಿಂದ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲುತ್ತಿಲ್ಲ.

ನನ್ನನ್ನೂ ಸೇರಿಸಿ 12 ಮಂದಿ ಇದ್ದೆವು. ಬಾಯ್ಲರ್ ಹಚ್ಚಿದ್ದರೂ ಬೆಂಚು ತಣ್ಣಗಿತ್ತು. ಸಭೆಯ ಪ್ರಾರ್ಥನೆಯ ಹೊತ್ತಿಗೆ, ಹಿಂದೆ ಬಸ್ ಓಡಿಸುತ್ತಿದ್ದ ಒಬ್ಬ ಹಿರಿಯರು ಎದ್ದು ನಿಂತು, ಕೋಟಿನ ಜೇಬಿನಿಂದ ತಂತಿ ಸುತ್ತಿನ ಒಂದು ಸಣ್ಣ ನೋಟ್‌ಬುಕ್ ತೆಗೆದರು. ಗುರುವಾರ ಪ್ಯಾಂಟ್ರಿಯ ಬಾಗಿಲ ಹತ್ತಿರ, ಪೆನ್ನು ಕಟ್ಟಿದ ಒಂದು ನೋಟ್‌ಬುಕ್ ಇರುವುದನ್ನು ನಾನು ನೋಡಿದ್ದೆ. ಬಂದವರ ಲೆಕ್ಕಕ್ಕೆ ಇರಬೇಕೆಂದುಕೊಂಡಿದ್ದೆ. ಅದು ಅದಲ್ಲ. ಪ್ರಾರ್ಥನೆ ಬೇಕು ಎನ್ನುವವರು ತಾವಾಗಿಯೇ ಅದರಲ್ಲಿ ಬರೆದು ಹೋಗುತ್ತಾರಂತೆ. ಮೊಣಕಾಲಿನ ಶಸ್ತ್ರಚಿಕಿತ್ಸೆ, ಮಗನ ಕೆಲಸ, ಗ್ವಾಟೆಮಾಲದಲ್ಲಿರುವ ತಾಯಿ. ಹೆಚ್ಚಿನವು ಸ್ಪ್ಯಾನಿಷ್ ಹೆಸರುಗಳು. ಅವರು ಬೆರಳಿಟ್ಟು, ಒಂದೊಂದು ಹೆಸರಿನ ಉಚ್ಚಾರಣೆಯನ್ನೂ ಸರಿಯಾಗಿ ಹಿಡಿದು, ನಿಧಾನವಾಗಿ ಓದಿದರು. ಒಂದು ಹೆಸರು ತಪ್ಪಿದಾಗ ನಿಂತು ಮತ್ತೆ ಓದಿದರು. ಒಟ್ಟು 23 ಹೆಸರುಗಳು. ಹತ್ತೂವರೆಯ ಆರಾಧನೆಗೆ ಹದಿನಾರು ವರ್ಷಗಳಿಂದ ಬರುತ್ತಿರುವ ನಮಗೆ ಯಾರಿಗೂ ಇದು ಗೊತ್ತಿಲ್ಲ.

ಆಮೇಲೆ ಕಾಫಿಗೆ ನಿಂತು ಮುಖಗಳನ್ನು ಎಣಿಸಿದೆ. ಎಂಟು ಗಂಟೆಯ 11 ಮಂದಿಯಲ್ಲಿ 7 ಮಂದಿ ಗುರುವಾರ ಬೆಳಿಗ್ಗೆ ಬಂದು ಪೆಟ್ಟಿಗೆ ಬಿಚ್ಚಿ, ಡಬ್ಬಿಗಳ ತಾರೀಖು ನೋಡಿ, ಕಪಾಟಿನಲ್ಲಿ ಜೋಡಿಸುವವರು. ಹತ್ತೂವರೆಯ ಎಂಬತ್ತು ಜನರಲ್ಲಿ ಆ ಕೆಲಸಕ್ಕೆ ಬರುವವರು 4. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಬೆಳೆಸುತ್ತೇವೆ ಎಂದು ನಾವು ಹಾಕಿದ ಲೆಕ್ಕವೇ ತಪ್ಪು.

ಮೈಸೂರು_ಪಾಸ್ಟರ್_ಮಗ (ಭಾನುವಾರ, ಸಂಜೆ 6:14)

ಆದರೂ ಒಂದು ಆಕ್ಷೇಪಣೆಯಿದೆ. ಪ್ಯಾಂಟ್ರಿಗೆ ಬಂದವರ ಹೆಸರನ್ನೂ ಕಷ್ಟವನ್ನೂ ಎಲ್ಲರ ಮುಂದೆ ಓದುವುದು ಸರಿಯೇ? ಸಣ್ಣ ಊರಿನಲ್ಲಿ ಯಾರು ಯಾರೆಂದು ತಿಳಿಯುತ್ತದೆ. ನಮ್ಮ ತಂದೆಯವರು ಸಭಾಪಾಲಕರಾಗಿದ್ದಾಗ ಬಹಿರಂಗ ಪ್ರಾರ್ಥನೆಯಲ್ಲಿ ಹೇಳಿದ ಒಂದು ಮಾತಿನಿಂದ ಒಂದು ಕುಟುಂಬ ಸಭೆಯನ್ನೇ ಬಿಟ್ಟುಹೋಯಿತು.

ಧಾರವಾಡ_ನ್ಯೂಜೆರ್ಸಿ (ಭಾನುವಾರ, ಸಂಜೆ 6:30)

ಅದನ್ನೂ ಅವರನ್ನು ಕೇಳಿದೆ. ಮೊದಲ ಹೆಸರು ಮಾತ್ರ ಓದುತ್ತಾರೆ, ಕಷ್ಟವನ್ನು ಓದುವುದಿಲ್ಲ. ನೋಟ್‌ಬುಕ್‌ನ ಮೇಲೆ ಎರಡು ಭಾಷೆಗಳಲ್ಲಿ ಹಾಗೆಂದೇ ಬರೆದಿದೆ. ಕಷ್ಟಗಳನ್ನು ನಾನು ತಿಳಿದದ್ದು ಅವರು ಪುಟ ತೋರಿಸಿದಾಗ. ಇಲ್ಲಿ ಬರೆಯಬಾರದಿತ್ತು ಎಂದು ಈಗ ಅನ್ನಿಸುತ್ತಿದೆ.

ಲೆಕ್ಕಪತ್ರ_ಹ್ಯೂಸ್ಟನ್ (ಭಾನುವಾರ, ಸಂಜೆ 7:08)

ನನ್ನ ಮೊದಲ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆ 7 ಮಂದಿ ಬೇಸರಗೊಂಡು ಮನೆಯಲ್ಲಿ ಕುಳಿತರೆ ಗುರುವಾರವೂ ಮುಚ್ಚಿಹೋಗುತ್ತದೆ. ಆದರೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ಎರಡು ಸಲಹೆಗಳಿವೆ. ಚಳಿಗಾಲದಲ್ಲಿ ಎಂಟರ ಆರಾಧನೆಯನ್ನು ದೊಡ್ಡ ದೇವಾಲಯದಲ್ಲಿ ಮಾಡದೆ, ಅಡುಗೆಮನೆಯ ಪಕ್ಕದಂಥ ಸಣ್ಣ ಕೋಣೆಯಲ್ಲಿ ಹೀಟರ್ ಇಟ್ಟು ಮಾಡಿ. 12 ಜನರಿಗೆ ಇಡೀ ಕಟ್ಟಡ ಕಾಯಿಸಬೇಕಿಲ್ಲ. ಹೊರಗಿನ ಪಾದ್ರಿ ಬರುವ ವಾರಗಳಲ್ಲಿ ಪ್ರಭುಭೋಜನದ ಬದಲು ಬೆಳಗಿನ ಪ್ರಾರ್ಥನೆ ಇಟ್ಟುಕೊಳ್ಳಿ. ಅದನ್ನು ಪಾದ್ರಿಯಲ್ಲದವರೂ ನಡೆಸಬಹುದು.

ಡೀಕನ್_ವಿದ್ಯಾರ್ಥಿನಿ (ಭಾನುವಾರ, ಸಂಜೆ 7:25)

ನಡೆಸಬಹುದು, ನಿಯಮಿತವಾಗಿ ನಡೆಸುವುದಾದರೆ ಬಿಷಪ್ಪರ ಪರವಾನಗಿ ಪಡೆದವರು ಬೇಕು. 1979ರ ಪುಸ್ತಕ ಪ್ರಭುಭೋಜನವನ್ನೇ ಭಾನುವಾರದ ಮುಖ್ಯ ಆರಾಧನೆ ಎನ್ನುತ್ತದೆ, ಆದರೆ ಅದು ಹತ್ತೂವರೆಗೆ ಹೇಗೂ ಇದೆ. ಆ ಪುಸ್ತಕ ಬರುವ ಮೊದಲು ಅನೇಕ ಪ್ಯಾರಿಷ್‌ಗಳಲ್ಲಿ ಬೆಳಗಿನ ಪ್ರಾರ್ಥನೆಯೇ ಭಾನುವಾರದ ದೊಡ್ಡ ಆರಾಧನೆಯಾಗಿತ್ತು. ನಿಮ್ಮ ಎಂಟರ ಹಿರಿಯರಿಗೆ ಅದು ಎಳೆತನದಿಂದಲೇ ಬಾಯಿಪಾಠವಾಗಿರುತ್ತದೆ.

ಸಭಾಚರಿತ್ರೆ_ಬೆಂಗಳೂರು (ಸೋಮವಾರ, ಬೆಳಿಗ್ಗೆ 6:40)

ಫ್ರೀಜರ್‌ಗೆ ನಮ್ಮೂರಿನ ದಾರಿ ಇದೆಯಲ್ಲ, ಸುಗ್ಗಿ ಹಬ್ಬದ ಹರಾಜು! ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮನೆಯಲ್ಲಿ ಮಾಡಿದ ಕೇಕು ಎಲ್ಲವನ್ನೂ ವೇದಿಯ ಮುಂದೆ ತಂದಿಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕೂಗುವುದು. ನಮ್ಮ ಸಭೆಯಲ್ಲಿ ಒಂದು ತೆಂಗಿನಕಾಯಿಯನ್ನು ಒಬ್ಬರು ಕೊಂಡು, ಮತ್ತೆ ಸಭೆಗೇ ಕೊಟ್ಟು, ಅದೇ ಕಾಯಿ ನಾಲ್ಕು ಸಲ ಹರಾಜಾದದ್ದನ್ನು ನಾನು ಕಂಡಿದ್ದೇನೆ. ಅಮೆರಿಕದವರಿಗೆ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಇದೆ. ಅದರ ಹಿಂದಿನ ಭಾನುವಾರ ಮಾಡಿ ನೋಡಿ.

ಕುತೂಹಲಿ_ದಾವಣಗೆರೆ (ಸೋಮವಾರ, ಬೆಳಿಗ್ಗೆ 7:15)

ಹರಾಜು ಕೂಗುವವರು ಬೇಕಾದರೆ ನಮ್ಮ ಎ.ಪಿ.ಎಂ.ಸಿ.ಯಿಂದ ಕಳಿಸಿಕೊಡುತ್ತೇವೆ. ಏನು ನಿರ್ಧಾರವಾಯಿತೆಂದು ಮರೆಯದೆ ಬರೆಯಿರಿ.

ಧಾರವಾಡ_ನ್ಯೂಜೆರ್ಸಿ (ಮುಂದಿನ ವಾರ, ಬುಧವಾರ, ರಾತ್ರಿ 8:35)

ನಿನ್ನೆ ವೆಸ್ಟ್ರಿಯ ಸಭೆ ಮುಗಿಯಿತು. ಮೊದಲೇ ರೆಕ್ಟರ್ ಜೊತೆ ಒಂದು ಗಂಟೆ ಮಾತಾಡಿದ್ದೆ. ನೋಟ್‌ಬುಕ್‌ನ ವಿಷಯ ಅವರಿಗೆ ಗೊತ್ತಿತ್ತು. ಎಂಟರವರು ಅದನ್ನು ದೊಡ್ಡದು ಮಾಡಬೇಡಿ ಎಂದು ಕೇಳಿಕೊಂಡಿದ್ದರಂತೆ. ಆದ್ದರಿಂದ ವೆಸ್ಟ್ರಿಯಲ್ಲಿ ಹೇಳಲು ಆ ಹಿರಿಯರ ಒಪ್ಪಿಗೆ ಪಡೆದೆ.

ಜನವರಿಯಿಂದ ಈಸ್ಟರ್‌ವರೆಗೆ ಎಂಟರ ಆರಾಧನೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಡೆಯುತ್ತದೆ. ರೆಕ್ಟರ್ ಇರುವ ವಾರ ಪ್ರಭುಭೋಜನ, ಇಲ್ಲದ ವಾರ ಬೆಳಗಿನ ಪ್ರಾರ್ಥನೆ. ಪ್ಯಾಂಟ್ರಿ ನಮ್ಮ ನೆಲಮಾಳಿಗೆಯಲ್ಲೇ ಉಳಿಯುತ್ತದೆ. ಫ್ರೀಜರ್‌ನ ಅರ್ಧ ಹಣಕ್ಕೆ ಬಿಷಪ್ಪರ ಆಡಳಿತ ಪ್ರಾಂತ್ಯವಾದ ಡಯಾಸಿಸ್‌ಗೆ ಅರ್ಜಿ ಹಾಕುತ್ತೇವೆ, ಉಳಿದ ಅರ್ಧಕ್ಕೆ ಹರಾಜು. ಹರಾಜಿನ ಮಾತು ಎತ್ತಿದಾಗ ಖಜಾಂಚಿಯವರೇ ಮೊದಲು ಕೈ ಎತ್ತಿದರು.

ಎಲ್ಲರಿಗೂ ಸಮಾಧಾನವಾಗಿಲ್ಲ. ಐವತ್ತು ವರ್ಷ ಒಂದೇ ಬೆಂಚಿನಲ್ಲಿ ಕುಳಿತ ಒಬ್ಬರು, ತಮ್ಮ ಗಂಡನ ಶವಪೆಟ್ಟಿಗೆ ಇಟ್ಟ ಜಾಗವನ್ನು ಬಿಟ್ಟು ಅಡುಗೆಮನೆಯ ಪಕ್ಕ ಪ್ರಾರ್ಥಿಸಲಾರೆ ಎಂದು ಅತ್ತರು. ಅವರಿಗೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ.

ಬಲ್ಮಠದವಳು (ಬುಧವಾರ, ರಾತ್ರಿ 8:52)

ಉತ್ತರ ಬೇಡ ಅಣ್ಣ, ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ. ಮೇಜಿಗೆ ಹಾಸುವ ಬಟ್ಟೆ ಆ ಕೋಣೆಗೂ ಒಂದು ಬೇಕಾಗುತ್ತದೆ; ಅದನ್ನು ಸಿದ್ಧಪಡಿಸಲು ಅವರನ್ನೇ ಕೇಳಿ ನೋಡಿ.

ಧಾರವಾಡ_ನ್ಯೂಜೆರ್ಸಿ (ಬುಧವಾರ, ರಾತ್ರಿ 9:04)

ಕೇಳುತ್ತೇನೆ ಅಕ್ಕ. ಜನವರಿಯ ಎರಡನೆಯ ಭಾನುವಾರ ನೋಟ್‌ಬುಕ್ ಓದುವ ಸರದಿ ನನ್ನದು. ಹೆಸರುಗಳ ಉಚ್ಚಾರಣೆ ಕಲಿಸಿಕೊಡುತ್ತೇನೆ, ಶನಿವಾರ ಮನೆಗೆ ಬನ್ನಿ ಎಂದು ಆ ಹಿರಿಯರು ಹೇಳಿದ್ದಾರೆ.